ಕೊಂಡುಕುರಿಯೂ ಅಷ್ಟಪದಿಯೂ: ಕುರುಹಿನಿಂದ ಪ್ರಾಣಿಯನ್ನರಿಯುವ ಕ್ರಮ

ಬೆಳೆ ಮೇಯ್ದುಹೋದ ಹೊಲವನ್ನು ಕಂಡೊಡನೆ, ಮೇಯ್ದ ಪ್ರಾಣಿ ಯಾವುದೆಂದು ಗೊತ್ತುಪಡಿಸದೆ ಉರುಲೊಡ್ಡುವುದು ಅನ್ಯಾಯ. ಕಾಯಿದೆಯಂತೆ ಅಪರಾಧವೂ ಹೌದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಗ್ರಾಮಮುಖ್ಯಸ್ಥರೂ ಜಮೀನುದಾರರೂ ಇದನ್ನು ಮನಗಾಣಬೇಕು. ಅಡಗಿ ಬಾಳುವ ಪ್ರಾಣಿಯನ್ನು ಕುರುಹಿನಿಂದಲೇ ಅರಿಯಬೇಕಾಗುವುದು. ಇದಕ್ಕೆ ಎರಡು ದೃಷ್ಟಾಂತಗಳುಂಟು.

ಮೊದಲನೆಯದು ಅಡವಿಯ ಕೊಂಡುಕುರಿ. ಇದರ ಗಂಡಿಗೆ ಸಾಮಾನ್ಯವಾಗಿ ನಾಲ್ಕು ಗಿಡ್ಡ ಕೊಂಬುಗಳು. ತೂಕ ಸುಮಾರು 20 ಕಿಲೋ. ಒಂಟಿಯಾಗಿಯೋ ಜೋಡಿಯಾಗಿಯೋ ನೀರಿನಾಸರೆಯ ಪೊದೆಗಳಲ್ಲಿ ಅಡಗಿರುವುದು. ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವುದರಿಂದ ಅಲ್ಲಿ ರಾಶಿ ಬೀಳುವುದು.

ಎರಡನೆಯದು ಕಡಲಿನ ಅಷ್ಟಪದಿ, ಎಂದರೆ ಆಕ್ಟೋಪಸ್. ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತಲಿರುವಂಥ ಹವಳದ ಬಂಡೆಗಳ ಬಿರುಕುಗಳಲ್ಲಿ ಇದರ ವಾಸ. ಎಂಟು ತೋಳು, ಮೂರು ಹೃದಯ, ಎಲುಬಿಲ್ಲ. ನಮ್ಮ ತೋಟಗಳ ಬಸವನಹುಳು ಇದರ ದೂರದ ಬಂಧು. ಕ್ಷಣದಲ್ಲಿ ಮೈಬಣ್ಣ ಬದಲಿಸಿ ಬಂಡೆಯಂತೆಯೇ ತೋರುವುದು. ಆದರೂ ತಿಂದುಳಿದ ಏಡಿ, ಚಿಪ್ಪುಗಳ ರಾಶಿ ಬಾಗಿಲಲ್ಲಿ ಬಿದ್ದು ಮನೆಯ ಗುಟ್ಟನ್ನು ಹೊರಗೆಡಹುವುದು.

ಕುಲ ಬೇರೆಯಾದರೂ ಎರಡನ್ನೂ ರಾಶಿಯೇ ತೋರಿಸಿಕೊಡುವುದು. ಆದರೆ ರಾಶಿಯೊಂದನ್ನೇ ನಂಬಲಾಗದು. ಬಯಲಿನ ಚಿಗರಿಯೂ ಹಿಕ್ಕೆಯ ರಾಶಿ ಮಾಡುವುದುಂಟು. ಹೆಜ್ಜೆಯನ್ನೂ ನೋಡತಕ್ಕದ್ದು. ಚಿಗರಿ ಹಿಂಡಾಗಿ ಮೇಯುವುದು. ಹೊಲದಲ್ಲಿ ಹಿಂಡಿನ ಹೆಜ್ಜೆಯಿದ್ದರೆ ಅದು ಕೊಂಡುಕುರಿಯದಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಚಿಗರಿ, ಕೊಂಡುಕುರಿ ಎರಡಕ್ಕೂ ರಕ್ಷಣೆಯುಂಟು. ಆದುದರಿಂದ ಉರುಲು, ವಿಷಗಳನ್ನು ಬಿಟ್ಟು, ಹೆಜ್ಜೆ ಅಳಿಯುವ ಮುನ್ನವೇ ಅರಣ್ಯ ಕಚೇರಿಗೆ ತಿಳಿಸಿ ಪಂಚನಾಮೆ ಮಾಡಿಸಿ, ಪರಿಹಾರಕ್ಕೆ ಅರ್ಜಿ ಕೊಡತಕ್ಕದ್ದು.