ಮಾರ್ಕ್ಸ್ ಕಾರ್ಡ್‌ಗೆ ಸಹಿ ಹಾಕಿದ್ರೆ ಮುಗೀತಾ?

"ಅಮ್ಮಾ, ನಾಳೆ ಪೇರೆಂಟ್ಸ್ ಮೀಟಿಂಗ್. ಹತ್ತು ಗಂಟೆಗೆ ಬರ್ಬೇಕಂತೆ..."

ಮಗಳು ಶೂ ಬಿಚ್ಚುತ್ತಾ ಇಷ್ಟು ಹೇಳಿದ್ದೇ ತಡ, ನಿಮ್ಮ ತಲೆಯಲ್ಲಿ ಲೆಕ್ಕಾಚಾರ ಶುರು. ತಿಂಡಿ ಬೇಗ ಮುಗಿಸ್ಬೇಕು, ಗ್ಯಾಸ್ ಸಿಲಿಂಡರ್‌ನವನು ನಾಳೆಯೇ ಬಂದ್ರೆ ಏನ್ಮಾಡೋದು, ಅತ್ತೆಯವರ ಮಾತ್ರೆ ಯಾರು ಕೊಡ್ತಾರೆ? ಅಂತೂ ಇಂತೂ ಮಾರನೇ ದಿನ ಶಾಲೆಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೀರಿ. ಮೇಡಂ ಮಾರ್ಕ್ಸ್ ಕಾರ್ಡ್ ಮುಂದಿಟ್ಟು, "ಮ್ಯಾಥ್ಸ್‌ನಲ್ಲಿ ಸ್ವಲ್ಪ ಇಂಪ್ರೂವ್ ಆಗ್ಬೇಕು" ಅನ್ನುತ್ತಾರೆ. "ಮನೇಲಿ ನಮ್ಮ ಮಾತು ಕೇಳೋದೇ ಇಲ್ಲ ಮೇಡಂ, ನೀವೇ ಸ್ವಲ್ಪ ಹೇಳಿ" ಅನ್ನುತ್ತೀರಿ ನೀವು. ಒಂದು ಸಹಿ. ಮೂರೇ ನಿಮಿಷ. ಮುಂದಿನವರು ಬನ್ನಿ!

ಈ ಮೂರು ನಿಮಿಷದಲ್ಲಿ ನಿಮ್ಮ ಮಗಳ ಬಗ್ಗೆ ನಿಮಗೆ ಹೊಸದಾಗಿ ಗೊತ್ತಾಗಿದ್ದಾದರೂ ಏನು? ಅಂಕಗಳು ಕಾರ್ಡ್‌ನಲ್ಲೇ ಇದ್ದವಲ್ಲ! ಅದನ್ನು ಓದಿ ಹೇಳಿಸಿಕೊಳ್ಳೋಕೆ ಅಷ್ಟು ದೂರ ಹೋಗಬೇಕಿತ್ತೇ?

ಕೇಳಬೇಕಾದದ್ದು ಬೇರೆಯೇ ಇದೆ. ಅವಳು ಯಾರ ಪಕ್ಕ ಕೂರ್ತಾಳೆ? ಊಟದ ಹೊತ್ತಿನಲ್ಲಿ ಒಬ್ಬಳೇ ಇರ್ತಾಳಾ? ಗೊತ್ತಿಲ್ಲದ್ದನ್ನು ಕೈಯೆತ್ತಿ ಕೇಳ್ತಾಳಾ, ಸುಮ್ಮನಾಗಿಬಿಡ್ತಾಳಾ? ಇದಕ್ಕೆಲ್ಲ ಮೇಡಂ ಬಳಿ ಉತ್ತರ ಇರುತ್ತದೆ. ನೀವು ಕೇಳೋದಿಲ್ಲ ಅಂತ ಅವರು ಹೇಳೋದಿಲ್ಲ, ಅಷ್ಟೆ. ಹಾಗೆಯೇ ನಿಮಗೆ ಗೊತ್ತಿರುವ ಎಷ್ಟೋ ವಿಷಯ ಅವರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಅಜ್ಜಿ ಆಸ್ಪತ್ರೆ ಸೇರಿದ್ದಾರೆ, ಹಾಗಾಗಿ ಮಗು ಎರಡು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಅನ್ನೋದನ್ನು ನೀವಲ್ಲದೆ ಇನ್ಯಾರು ಹೇಳಬೇಕು?

ಚಿಕ್ಕ ಜಿಲ್ಲೆಯ ದೊಡ್ಡ ಸಂಕೋಚ

ಬೆಂಗಳೂರಿನಂಥ ಊರಲ್ಲಿ ಮೇಡಂ ಯಾರೋ, ನೀವು ಯಾರೋ. ಚಿಕ್ಕ ಜಿಲ್ಲೆಯಲ್ಲಿ ಕಥೆಯೇ ಬೇರೆ. ಕೊಡಗನ್ನೇ ತಗೊಳ್ಳಿ. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ ಚಿಲ್ಲರೆ. ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ ಅದು. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದರೆ ಸೊಪ್ಪಿನ ರಾಶಿಯ ಆಚೆ ಬದಿಯಲ್ಲಿ ಮಗನ ಕ್ಲಾಸ್ ಟೀಚರ್ ನಿಂತಿರುತ್ತಾರೆ. ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಹೆಚ್.ಎಂ. ಮೇಷ್ಟ್ರು ಹತ್ತಿರದ ನೆಂಟರೂ ಆಗಿರಬಹುದು. ಮಗು ಓಟದಲ್ಲಿ ಗೆದ್ದರೆ, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದರೆ ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಸಮೇತ ಸುದ್ದಿ. ಅದನ್ನು ಕತ್ತರಿಸಿಟ್ಟುಕೊಳ್ಳದ ಮನೆ ಇದೆಯೇ?

ಇಷ್ಟು ಹತ್ತಿರ ಇರೋದು ಎಷ್ಟು ಅನುಕೂಲ ಅಂತ ನಮಗೆ ಅನ್ನಿಸುತ್ತದೆ. ಆದರೆ ಬಾಯಿ ಕಟ್ಟೋದೂ ಇದೇ ಹತ್ತಿರವೇ! "ಮೇಷ್ಟ್ರು ನಮ್ಮೋರೇ, ಏನಂತ ಕೇಳೋದು? ನಾಳೆ ಮುಖ ಮುಖ ನೋಡ್ಬೇಕಲ್ಲಾ" ಅನ್ನೋ ಸಂಕೋಚ. ಹೀಗಾಗಿ ಶಾಲೆಯಲ್ಲಿ ಆಡಬೇಕಾದ ಮಾತು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಆಡಿ ಹೋಗುತ್ತದೆ. "ಹೇಗೆ ಓದ್ತಿದ್ದಾನೆ ಮೇಡಂ ನಮ್ಮವನು?" ಅಂತ ನೀವು ಮೀನಿನ ಅಂಗಡಿ ಮುಂದೆ ಕೇಳ್ತೀರಿ, ಅವರು "ಏನೋ, ಪರ್ವಾಗಿಲ್ಲ" ಅಂತ ನಗ್ತಾರೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ಆ ಹುಡುಗನ ಮುಖ ನೋಡಿದ್ದೀರಾ? ದಯವಿಟ್ಟು ಹಾಗೆ ಮಾಡಬೇಡಿ. "ಮೇಡಂ, ನಾಳೆ ಸಂಜೆ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಸಿಗ್ತೀರಾ?" ಅಂತ ಕೇಳಿ. ಯಾವ ಟೀಚರ್ ಬೇಡ ಅಂದಾರು?

ವಾಟ್ಸ್‌ಆಪ್ ಗ್ರೂಪ್ ವಿಷಯವೂ ಅಷ್ಟೇ. ಡಿಸಿ ಮಳೆ ರಜೆ ಕೊಟ್ಟರೇ, ಸ್ಕೂಲ್‌ಡೇಗೆ ಯಾವ ಬಣ್ಣದ ಬಟ್ಟೆ, ಇಂಥದ್ದಕ್ಕೆಲ್ಲ ಗ್ರೂಪ್ ಚೆನ್ನ. ನಿಮ್ಮ ಮಗುವಿಗೆ ಯಾರೋ ಹೊಡೆದರು ಅನ್ನೋದನ್ನು ಮಾತ್ರ ಅಲ್ಲಿ ಹಾಕಬೇಡಿ. ಹೊಡೆದ ಮಗುವಿನ ಅಮ್ಮನೂ ಅದೇ ಗ್ರೂಪಿನಲ್ಲಿರುತ್ತಾಳೆ, ಸಂಜೆಯೊಳಗೆ ಊರೆಲ್ಲ ಎರಡು ಪಾರ್ಟಿ!

ಹಾಗಂತ ಊರಿನವರು ಒಟ್ಟಾಗುವುದಿಲ್ಲ ಅಂತಲ್ಲ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನಿಸ್ ದಾಖಲೆಯೇ ಆಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮನೆಗಳು ಹೋದಾಗ ಎಷ್ಟೋ ಜನಕ್ಕೆ ಆಸರೆಯಾದ ಪರಿಹಾರ ಕೇಂದ್ರಗಳಲ್ಲಿ ಶಾಲೆಗಳೂ ಇದ್ದವು. ಮೈದಾನಕ್ಕೆ, ಕಷ್ಟಕ್ಕೆ ಹೀಗೆ ಮನೆಮಂದಿಯೆಲ್ಲ ಬರುವಾಗ ಪೋಷಕರ ಸಭೆಗೆ ಮಾತ್ರ ಅಮ್ಮ ಒಬ್ಬಳೇ ಯಾಕೆ? ಅಪ್ಪನಿಗೆ ಆಫೀಸು, ತೋಟ ಅಂತ ವಿನಾಯಿತಿ ಕೊಡಬೇಡಿ. ವರ್ಷಕ್ಕೆ ಎರಡು ಸಲವಾದರೂ ಕರ್ಕೊಂಡು ಹೋಗಿ. ಅಪ್ಪ ಬಂದು ಆ ಪುಟ್ಟ ಬೆಂಚಿನ ಮೇಲೆ ಕೂತರೆ ಮಕ್ಕಳಿಗೆ ಆಗುವ ಖುಷಿಯೇ ಬೇರೆ.

ನೀರಿನ ಬಾಟಲ್ ಖಾಲಿಯಾಗಿದೆಯಾ?

ಈಗ ಒಂದು ಸಣ್ಣ ಕೆಲಸ. ಸಂಜೆ ಮಗಳ ಬ್ಯಾಗಿನಿಂದ ನೀರಿನ ಬಾಟಲ್ ತೆಗೆದು ನೋಡಿ. ಬೆಳಿಗ್ಗೆ ತುಂಬಿಸಿ ಕೊಟ್ಟದ್ದು ಹಾಗೇ ವಾಪಸ್ ಬರ್ತಿದೆಯಾ? "ನೀರೇ ಕುಡಿಯಲ್ಲ, ಎಷ್ಟು ಹೇಳಿದ್ರೂ ಅಷ್ಟೇ" ಅಂತ ಬೈದು ಸುಮ್ಮನಾಗುವ ಮೊದಲು ಯಾಕೆ ಅಂತ ಕೇಳಿ. ಒಂದೇ ಸಲಕ್ಕೆ ಹೇಳಲಿಕ್ಕಿಲ್ಲ. ರಾತ್ರಿ ತಲೆಗೆ ಎಣ್ಣೆ ಹಚ್ಚುವಾಗ ಇನ್ನೊಮ್ಮೆ ಕೇಳಿ. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದ ಹುಡುಗಿಯರು ಸರ್ಕಾರಿ ಶಾಲೆಯಲ್ಲೂ ಇದ್ದಾರೆ, ಸಾವಿರಾರು ರೂಪಾಯಿ ಫೀಸಿನ ಶಾಲೆಯಲ್ಲೂ ಇದ್ದಾರೆ. ಬಾಗಿಲಿಗೆ ಚಿಲಕ ಇಲ್ಲ, ನಲ್ಲಿಯಲ್ಲಿ ನೀರು ಬರಲ್ಲ, ಬಕೆಟ್ ಇದ್ದರೆ ಮಗ್ ಇಲ್ಲ, ಇಲ್ಲಾ ಕ್ಲಾಸ್ ನಡುವೆ ಕೇಳಿದರೆ ಬೈತಾರೆ. ಹೀಗೆ ದಿನಗಟ್ಟಲೆ ಮೂತ್ರ ತಡೆದುಕೊಂಡರೆ ಸೋಂಕು ಆಗುವ ಸಾಧ್ಯತೆ ಹೆಚ್ಚು. ಉರಿ, ಹೊಟ್ಟೆನೋವು, ಜ್ವರ ಅಂತ ಮಲಗಿದ ಮೇಲೆ ಡಾಕ್ಟರ್ ಹತ್ತಿರ ಓಡುತ್ತೇವೆ. ಕಾರಣ ಶಾಲೆಯ ಒಂದು ಚಿಲಕ ಅಂತ ಯಾರಿಗೆ ಹೊಳೆಯುತ್ತದೆ?

ಮುಟ್ಟು ಶುರುವಾದ ಹುಡುಗಿಯರ ಪಾಡು ಇನ್ನೂ ಕಷ್ಟ. ತಿಂಗಳಲ್ಲಿ ಮೂರು ದಿನ "ತಲೆನೋವು, ಇವತ್ತು ಹೋಗಲ್ಲ" ಅನ್ನುವುದು ಅಭ್ಯಾಸವಾಗಿ, ಹಾಗೇ ಪಾಠ ಹಿಂದೆ ಬಿದ್ದು, ಆಮೇಲೆ ಶಾಲೆಯೇ ಬೇಡ ಅನ್ನುವ ಹಂತಕ್ಕೆ ಬರುವವರಿದ್ದಾರೆ. ಸರ್ಕಾರಿ ಶಾಲೆಗಳ ಹುಡುಗಿಯರಿಗೆ ನ್ಯಾಪ್‌ಕಿನ್ ಕೊಡೋಕೆ 'ಶುಚಿ' ಯೋಜನೆ ಇದೆ. ಆದರೆ ಬದಲಾಯಿಸಲು ಜಾಗ, ಹಾಕಲು ಮುಚ್ಚಳದ ಡಬ್ಬ, ಕೈ ತೊಳೆಯಲು ನೀರು ಇಲ್ಲದಿದ್ದರೆ ನ್ಯಾಪ್‌ಕಿನ್ ಕೊಟ್ಟು ಏನು ಉಪಯೋಗ? ಇದು ಮೇಷ್ಟ್ರ ಕಣ್ಣಿಗೆ ಬೀಳುವ ವಿಷಯವಲ್ಲ. ಅಮ್ಮಂದಿರೇ ನೋಡಬೇಕು. ಮೀಟಿಂಗ್‌ಗೆ ಹೋದಾಗ "ಸ್ವಲ್ಪ ಟಾಯ್ಲೆಟ್ ಎಲ್ಲಿದೆ?" ಅಂತ ಕೇಳಿ ಒಮ್ಮೆ ಒಳಗೆ ಹೋಗಿ ಬನ್ನಿ. ಇದಕ್ಕಿಂತ ಒಳ್ಳೆಯ ಇನ್‌ಸ್ಪೆಕ್ಷನ್ ಇಲ್ಲ!

ಸಮಿತಿಯಲ್ಲಿ ನಿಮ್ಮ ಕುರ್ಚಿ

ಹೇಳಿದರೆ ಯಾರು ಕೇಳ್ತಾರೆ ಅಂತೀರಾ? ಕೇಳಲೇಬೇಕು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ 2001ರಿಂದಲೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲಂತೂ ಇಂಥ ಸಮಿತಿ ಕಾನೂನಿನಲ್ಲೇ ಕೂತಿದೆ. ಸದಸ್ಯರಲ್ಲಿ ಮುಕ್ಕಾಲು ಪಾಲು ಆ ಶಾಲೆಯ ಮಕ್ಕಳ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡೋದು, ಶಾಲೆಗೆ ಏನೇನು ಬೇಕು ಅಂತ ಯೋಜನೆ ಮಾಡೋದು, ಬಂದ ಅನುದಾನ ಎಲ್ಲಿಗೆ ಹೋಯಿತು ಅಂತ ಗಮನಿಸೋದು ಇವರ ಕೆಲಸ. ಚಿಲಕ, ನಲ್ಲಿ, ಬಿಸಿಯೂಟದ ಸಾರು ಎಲ್ಲವೂ ಇದರೊಳಗೇ ಬರುತ್ತದೆ.

ಆದರೆ ನಡೆಯೋದೇನು? ಪಟ್ಟಿಯಲ್ಲಿ ಹೆಂಡತಿಯ ಹೆಸರು, ಕುರ್ಚಿಯಲ್ಲಿ ಗಂಡ! ಮನೆಗೆ ಬಂದ ಪುಸ್ತಕಕ್ಕೆ "ಇಲ್ಲೊಂದು ಸೈನ್ ಹಾಕು" ಅಂತ ಹಾಕಿಸಿಕೊಂಡು ಹೋಗುವುದೂ ಉಂಟು. ನಿಮ್ಮ ಹೆಸರಿದ್ದರೆ ನೀವೇ ಹೋಗಿ. ಮಾತಾಡೋಕೆ ಬರಲ್ಲ ಅನ್ನಬೇಡಿ. ಮನೆ ದಿನಸಿಯ ಲೆಕ್ಕದಲ್ಲಿ ಐದು ರೂಪಾಯಿ ತಪ್ಪಿದರೆ ಹಿಡಿಯುವ ನಿಮಗೆ ಶಾಲೆಯ ಲೆಕ್ಕ ಏನು ಮಹಾ?

ಇನ್ನೊಂದು ಮಾತು. ಸಭೆಗೆ ಬಾರದ ಅಮ್ಮಂದಿರ ಬಗ್ಗೆ "ಅವರಿಗೆ ಮಕ್ಕಳ ಮೇಲೆ ಆಸಕ್ತಿಯೇ ಇಲ್ಲ" ಅಂದುಬಿಡುವುದು ನಮಗೆಲ್ಲ ಸುಲಭ. ಕಾಫಿ ತೋಟದ ಲೈನ್ ಮನೆಯಲ್ಲಿರುವ ತಾಯಿಗೆ ಬೆಳಿಗ್ಗೆ ಹತ್ತೂವರೆಯ ಸಭೆ ಅಂದರೆ ಆ ದಿನದ ಕೂಲಿ ಹೋದಂತೆ. ಅದೂ ಕಾಫಿ ಕೊಯ್ಲಿನ ಸಮಯದಲ್ಲಿ! ಕೆಲವರಿಗೆ ಕನ್ನಡದಲ್ಲಿ ಮಾತಾಡೋಕೆ ಹಿಂಜರಿಕೆ. ಕೊಡವ, ಅರೆಭಾಷೆ, ತುಳು, ಮಲಯಾಳ, ಯರವ ಹೀಗೆ ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಅಲ್ಲಿನ ಎಷ್ಟೋ ಮಕ್ಕಳಿಗೆ. ಈಗ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಸಭೆಯನ್ನು ಭಾನುವಾರಕ್ಕೋ ಸಂಜೆಗೋ ಇಡಿ ಅಂತ ನೀವು ಕೇಳಬಹುದಲ್ಲ? ಅವರ ಭಾಷೆ ಬರುವ ಒಬ್ಬರು ಪಕ್ಕದಲ್ಲಿ ಕೂತರೆ ಸಾಕು, ಆ ತಾಯಿ ಬಾಯಿ ಬಿಡುತ್ತಾಳೆ. ನಿಮ್ಮ ಮಗಳು ದಿನಾ ಒಟ್ಟಿಗೆ ಕೂತು ಉಣ್ಣುವುದು ಅವಳ ಮಗಳ ಜೊತೆಯಲ್ಲೇ ಇರಬಹುದು.

"ನಮ್ಮದು ಪ್ರೈವೇಟ್ ಸ್ಕೂಲ್, ಇದೆಲ್ಲ ನಮಗಿಲ್ಲ" ಅನ್ನುವವರಿಗೆ: ನಿಜ, ಅನುದಾನವಿಲ್ಲದ ಶಾಲೆಗೆ ಈ ಸಮಿತಿಯ ನಿಯಮ ಅನ್ವಯಿಸೋದಿಲ್ಲ. ಆದರೆ ಮಗುವಿಗೆ ಹೊಡೆಯಬಾರದು, ಮನಸ್ಸು ನೋಯಿಸಿ ಹಿಂಸೆ ಕೊಡಬಾರದು ಅನ್ನುವ ಅದೇ ಕಾಯ್ದೆಯ 17ನೇ ಸೆಕ್ಷನ್ ಅಲ್ಲಿಗೂ ಅನ್ವಯಿಸುತ್ತದೆ. ಪೋಷಕರ ಸಂಘ ಇದ್ದರೆ ಸೇರಿಕೊಳ್ಳಿ. ಇಲ್ಲದಿದ್ದರೆ ಅದೇ ಕ್ಲಾಸಿನ ನಾಲ್ಕು ಜನ ಅಮ್ಮಂದಿರು ಸೇರಿ ಒಂದು ಪತ್ರ ಬರೆಯಿರಿ. ಒಬ್ಬರೇ ಹೋದರೆ "ನಿಮ್ಮ ಮಗು ಸ್ವಲ್ಪ ಸೆನ್ಸಿಟಿವ್" ಅಂತ ಕಳಿಸಿಬಿಡಬಹುದು, ನಾಲ್ವರು ಹೋದರೆ ಕುರ್ಚಿ ಹಾಕ್ತಾರೆ. ಪತ್ರದಲ್ಲಿ ಬೈಗುಳ ಬೇಡ, ಹಳೇ ಪುರಾಣವೂ ಬೇಡ. ಯಾವ ಟಾಯ್ಲೆಟ್, ಎಷ್ಟು ದಿನದಿಂದ ನೀರಿಲ್ಲ, ಯಾವಾಗ ಸರಿ ಮಾಡ್ತೀರಿ, ಇಷ್ಟೇ ಇರಲಿ. ಒಂದು ಪ್ರತಿಯ ಮೇಲೆ ಶಾಲೆಯ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ. ಹದಿನೈದು ದಿನ ಬಿಟ್ಟು, ಮಗಳ ಬಾಟಲ್ ಇನ್ನೊಮ್ಮೆ ನೋಡಿ.