ಲಕ್ಷ ಕೊಟ್ಟರೂ ಮಾರದ ನಾಯಿ

ಕನ್ನಡದಲ್ಲಿ ನಾಯಿಯ ಹೆಸರು ಬೈಗುಳಕ್ಕೆ ಒದಗಿದಷ್ಟು ಹೊಗಳಿಕೆಗೆ ಒದಗಿಲ್ಲ. ನಾಯಿಪಾಡು, ನಾಯಿಬುದ್ಧಿ, ನಾಯಿಬಾಲದ ಡೊಂಕು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಕುರಿ ಹಿಂಡಿನ ಹಿಂದೆ ಹೊರಟ ಹಿರಿಯರೊಬ್ಬರನ್ನು ನಿಲ್ಲಿಸಿ, ‘ಯಜಮಾನ್ರ, ಈ ನಾಯಿ ಎಷ್ಟಕ್ಕ ಕೊಡ್ತೀರಿ?’ ಎಂದು ಕೇಳಿ ನೋಡಿ. ಟಗರಿನ ಬೆಲೆ ಕೇಳಿದರೆ ಥಟ್ಟನೆ ಹೇಳಬಲ್ಲವರು ನಾಯಿಯ ಬೆಲೆ ಕೇಳಿದರೆ ನಕ್ಕಾರು, ಸಿಟ್ಟಿಗೆದ್ದರೂ ಆಶ್ಚರ್ಯವಿಲ್ಲ. ಮಾತಿನಲ್ಲಿ ಇಷ್ಟು ಅಗ್ಗವಾದ ಪ್ರಾಣಿ ಮನೆಯಲ್ಲಿ ಇಷ್ಟು ದುಬಾರಿಯಾದದ್ದು ಹೇಗೆ? ಎಷ್ಟು ದುಡ್ಡು ಕೊಟ್ಟರೂ ನಾಯಿಯನ್ನು ಮಾರುವುದಿಲ್ಲ ಎಂಬ ಮಾತಿನಲ್ಲಿ ಪ್ರೀತಿಯೆಷ್ಟು, ಲೆಕ್ಕಾಚಾರವೆಷ್ಟು?

ಎತ್ತಿಗೆ ಸಂತೆ ಉಂಟು

ಪ್ರೀತಿಯೊಂದೇ ಕಾರಣ ಎನ್ನುವಂತಿಲ್ಲ. ಈ ಭಾಗದ ರೈತ ಎತ್ತನ್ನೂ ಪ್ರೀತಿಸುತ್ತಾನೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಹೆಸರಿನಲ್ಲೇ ಬಸವನಿದ್ದಾನೆ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತಾರೆ. ಮಣ್ಣೆತ್ತಿನ ಅಮವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಹಾಗಿದ್ದೂ ಎತ್ತು ಮಾರಾಟವಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೊಂದಿಕೊಂಡು ತೊರವಿಯಲ್ಲಿ ಸೇರುವ ಜಾನುವಾರು ಜಾತ್ರೆಯನ್ನು ನೋಡಿದವರಿಗೆ ಇದು ಗೊತ್ತು. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡಿಗೆ ನೋಡುತ್ತಾರೆ. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ.

ಬರ ಬಂದಾಗಲಂತೂ ಎತ್ತು ಮಾರದೆ ವಿಧಿಯಿಲ್ಲ. 1876–78ರ ಭೀಕರ ಬರ ಈ ಪ್ರದೇಶವನ್ನು, ಅಂದರೆ ಅಂದಿನ ಕಲಾದಗಿ ಜಿಲ್ಲೆಯನ್ನು, ಜನ ಜಾನುವಾರು ಸಹಿತ ಹಿಂಡಿಹಾಕಿತ್ತು. ಆಮೇಲೂ ಬರ ಈ ನೆಲವನ್ನು ಬಿಟ್ಟಿಲ್ಲ. ಮೇವಿಲ್ಲದ ಬೇಸಗೆಯಲ್ಲಿ ಕಣ್ಣೀರು ಹಾಕುತ್ತಲೇ ಎತ್ತಿನ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡುವುದು ರೈತರ ಮನೆಗಳಿಗೆ ಹೊಸದಲ್ಲ.

ಎತ್ತು ಎಂದರೆ ಒಂದು ಬಗೆಯ ಬಂಡವಾಳ. ಕಷ್ಟಕ್ಕೆ ಕರಗುವ ಉಳಿತಾಯ. ಕೊಂಡವನ ನೊಗಕ್ಕೆ ಅದು ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ನಾಯಿಯ ಕಸುಬು ಹಾಗಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಪದ್ಧತಿ ಇಲ್ಲಿದೆ. ರಾತ್ರಿ ಬಯಲಿನಲ್ಲಿ ಹಿಂಡು ಮಲಗಿದಾಗ ತೋಳದ ಸುಳಿವು ಮೊದಲು ಹತ್ತುವುದು ನಾಯಿಗೆ. ಯಾರು ತನ್ನವರು, ಯಾವುದು ತನ್ನ ಹಿಂಡು ಎಂಬ ತಿಳಿವಳಿಕೆಯೇ ಅದರ ವಿದ್ಯೆ. ಆ ವಿದ್ಯೆಯನ್ನು ಮಾರಲು ಬರುವುದಿಲ್ಲ. ಬೇರೆಯವರ ಕೈಗೆ ಹೋದ ದಿನ ಅದು ಬರಿಯ ನಾಯಿ. ಕೊಳ್ಳುವವನಿಗೆ ಅದರ ಬೆಲೆ ಅಲ್ಪ, ಸಾಕಿದವನಿಗೆ ಅಪಾರ. ಈ ಎರಡು ಬೆಲೆಗಳು ಸಂಧಿಸದೇ ಇರುವುದರಿಂದಲೇ ವ್ಯಾಪಾರ ಕುದುರುವುದಿಲ್ಲ.

ಆತಕೂರಿನ ಕಾಳಿ

ನಾಯಿಯ ಬೆಲೆಯ ಪ್ರಶ್ನೆಗೆ ಕನ್ನಡನಾಡು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಉತ್ತರ ಬರೆದಿಟ್ಟಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ಅವನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದನ್ನೂ ವಿದ್ಯಾರ್ಥಿಗಳ ಜೀವನಕ್ಕೆ ಭೂಮಿ ಬಿಟ್ಟದ್ದನ್ನೂ ಅದು ಹೇಳುತ್ತದೆ. ಅದೇ ದೊರೆಯ ಕಾಲದ ಇನ್ನೊಂದು ಶಾಸನ ದಕ್ಷಿಣದಲ್ಲಿ, ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆಯಿತು. ಕಾಲ ಸುಮಾರು 949–50. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತಕ್ಕೋಲಂ ಕದನದಲ್ಲಿ ಕೃಷ್ಣನ ಪಕ್ಷದ ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಅದಕ್ಕೆ ಮೆಚ್ಚುಗೆಯಾಗಿ ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡು ಎಂಬ ನಾಡುಗಳು ಸಂದವು. ಬೂತುಗನ ಕಡೆ ಹೋರಾಡಿದ ವೀರ ಮಣಲೆರ. ಅವನ ಶೌರ್ಯಕ್ಕೆ ಒಡೆಯ ಮೆಚ್ಚಿ, ಬೇಕಾದ್ದನ್ನು ಬೇಡಿಕೋ ಎಂದ. ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಅವನಿಗೆ ಊರುಗಳೂ ದೊರೆತವು. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು.

ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಮಣಲೆರ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುವ ಚಿತ್ರವಿದೆ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಕಾಳಿ ಒಡೆಯನ ಕೈಯಿಂದ ಮಣಲೆರನ ಕೈಗೆ ಬಂತು ನಿಜ, ಆದರೆ ಕ್ರಯಕ್ಕೆ ಬರಲಿಲ್ಲ. ಕೊಟ್ಟಿದ್ದು, ಮಾರಿದ್ದಲ್ಲ. ಇಂದಿಗೂ ಹಳ್ಳಿಯಲ್ಲಿ ನೆರೆಮನೆಯ ನಾಯಿ ಮರಿ ಹಾಕಿದರೆ ‘ಒಂದು ಮರಿ ನಮಗ ಕೊಡ್ರಿ’ ಎಂದು ಕೇಳಿ ತರುವುದೇ ವಾಡಿಕೆ.

ಮುಧೋಳದ ಮರಿ

ಹಾಗಾದರೆ ನಾಯಿ ವ್ಯಾಪಾರವೇ ತಪ್ಪೇ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1997ರವರೆಗೆ ಇದೇ ವಿಜಾಪುರ ಜಿಲ್ಲೆಯಲ್ಲಿದ್ದು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳವೇ ಇದೆ. ತೆಳು ಮೈ, ಉದ್ದ ಕಾಲು, ಚೂಪು ಮೂತಿಯ ಈ ಬೇಟೆನಾಯಿಗಳನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದರು. ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂಬ ಕಥೆ ಪ್ರಸಿದ್ಧ. ಅದೂ ಕಾಣಿಕೆಯೇ. 2005ರಲ್ಲಿ ಈ ತಳಿಯ ಚಿತ್ರವುಳ್ಳ ಅಂಚೆಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿನ ನಾಯಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು.

ಈ ಕೀರ್ತಿಯ ಹಿಂದೆ ಮರಿ ಬೆಳೆಸಿ ಮಾರುವ ಅನೇಕ ಕುಟುಂಬಗಳಿವೆ. ಮರಿ ಮಾರಿದ ಹಣದಲ್ಲಿ ಮನೆ ನಡೆಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮರಿಗೂ ನಾಯಿಗೂ ಇರುವ ಅಂತರ ಇಲ್ಲಿ ಮುಖ್ಯ. ಮರಿ ಇನ್ನೂ ಯಾರದೂ ಅಲ್ಲ. ಅದರ ನಂಟು ಮುಂದೆ ಬೆಳೆಯಬೇಕಾದದ್ದು. ಮರಿಗೆ ದರವುಂಟು, ಬೆಳೆದು ಮನೆಯದಾದ ನಾಯಿಗೆ ದರವಿಲ್ಲ ಎಂಬುದು ತಳಿ ಬೆಳೆಸುವವರಿಗೂ ಸಾಕುವವರಿಗೂ ಒಪ್ಪಿಗೆಯಾಗುವ ಮಾತು. ಮರಿ ಮಾರಾಟಕ್ಕೂ ಈಗ ಕಟ್ಟಳೆಯಿದೆ. ಕೇಂದ್ರ ಸರ್ಕಾರದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಳಿ ಬೆಳೆಸುವವರು ನೋಂದಣಿ ಮಾಡಿಸಬೇಕು.

ಪಂಡಿತರ ಲೆಕ್ಕ, ಕಾನೂನಿನ ಲೆಕ್ಕ

ತನ್ನದಾದ ವಸ್ತುವಿಗೆ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಪ್ರಯೋಗದಿಂದಲೇ ತೋರಿಸಿದ್ದಾರೆ. ಕಾನೆಮನ್, ನೆಟ್ಷ್ ಮತ್ತು ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಉಳಿದವರನ್ನು, ಕೊಳ್ಳುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಮಾರುವವರ ಬೆಲೆ ಕೊಳ್ಳುವವರ ಬೆಲೆಯ ಸುಮಾರು ಎರಡು ಪಟ್ಟಾಯಿತು. ಆಗತಾನೇ ಕೈಗೆ ಬಂದ ಮಗ್ಗೇ ಹೀಗಾದರೆ, ಹತ್ತು ವರ್ಷ ಬಾಗಿಲು ಕಾದ ನಾಯಿಯ ಮಾತೇನು! 2019ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ನಾಯಿಯ ಸಾವಿನ ಅಪಾಯ ತಗ್ಗಿಸುವ ಲಸಿಕೆಗೆ ಎಷ್ಟು ಕೊಡುವಿರಿ ಎಂದು ಸಾಕಿದವರನ್ನು ಕೇಳಿ, ಒಂದು ನಾಯಿಯ ಜೀವದ ಮೌಲ್ಯ ಸುಮಾರು 10,000 ಡಾಲರ್ ಎಂದು ಲೆಕ್ಕ ಹಾಕಿದರು.

ನಮ್ಮ ಕಾನೂನಿನ ಲೆಕ್ಕ ಬಹಳ ಕಾಲ ಇದಕ್ಕಿಂತ ಜಿಪುಣವಾಗಿತ್ತು. 1860ರ ಭಾರತೀಯ ದಂಡ ಸಂಹಿತೆಯ 428 ಮತ್ತು 429ನೇ ಕಲಮುಗಳು ಪ್ರಾಣಿಯನ್ನು ಕೊಂದ ಅಪರಾಧವನ್ನು ಅದರ ಬೆಲೆಯಿಂದ ಅಳೆಯುತ್ತಿದ್ದವು. ಆನೆ, ಕುದುರೆ, ಎತ್ತು, ಎಮ್ಮೆಗಳಿಗೆ ಬೆಲೆಯ ಪ್ರಶ್ನೆಯಿರಲಿಲ್ಲ. ಅವನ್ನು ಕೊಂದರೆ ಹೆಚ್ಚಿನ ಶಿಕ್ಷೆಯೇ. ನಾಯಿಯಂಥ ಪ್ರಾಣಿಯಾದರೆ ಮಾತ್ರ ಅದು ಹತ್ತು ರೂಪಾಯಿ ಬಾಳುತ್ತದೆಯೋ ಐವತ್ತು ರೂಪಾಯಿ ಬಾಳುತ್ತದೆಯೋ ನೋಡಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಈ ಬೆಲೆಪಟ್ಟಿಯನ್ನು ಕಿತ್ತುಹಾಕಿತು. ಈಗ ಯಾವುದೇ ಪ್ರಾಣಿಯಾದರೂ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಮಾರದಿದ್ದರೆ ಸಾಕೇ?

ಎಷ್ಟು ಕೊಟ್ಟರೂ ಮಾರೆನು ಎಂಬ ಮಾತು ಹೊಟ್ಟೆ ತುಂಬಿದವರಿಗೆ ಸುಲಭ. ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರು ನಿಂತಾಗ ಯಾರಾದರೂ ಲಕ್ಷ ರೂಪಾಯಿ ಹಿಡಿದು ಬಂದರೆ, ನಾಯಿಯನ್ನು ಒಪ್ಪಿಸಿದ ಬಡವನನ್ನು ತಪ್ಪಿತಸ್ಥ ಎನ್ನಲು ಯಾರಿಗೂ ಅಧಿಕಾರವಿಲ್ಲ. ಎತ್ತು ಮಾರಿದ ರೈತನನ್ನು ನಾವು ಹಾಗೆನ್ನುವುದಿಲ್ಲವಷ್ಟೆ.

ನಿಜವಾದ ಪರೀಕ್ಷೆ ಇರುವುದು ಬೇರೆ ಕಡೆ. ನಾಯಿಯನ್ನು ಕೊಳ್ಳಲು ಲಕ್ಷ ರೂಪಾಯಿ ಹಿಡಿದು ಬರುವವರು ವಿರಳ. ಆದರೆ ಕಜ್ಜಿ ಹತ್ತಿತು, ವಯಸ್ಸಾಯಿತು, ಮನೆ ಬದಲಾಯಿತು ಎಂಬ ಕಾರಣಗಳು ಎಲ್ಲರ ಮನೆಗೂ ಬರುತ್ತವೆ. ದುಡ್ಡಿಗೆ ಮಾರೆನು ಎಂದವರೇ ಒಂದು ದಿನ ಊರಾಚೆ ಬಿಟ್ಟು ಬರುವುದುಂಟು. ಮಾರಿದ ನಾಯಿಗೆ ಇನ್ನೊಬ್ಬ ಒಡೆಯನಾದರೂ ಇದ್ದಾನೆ, ಬಿಟ್ಟುಬಂದ ನಾಯಿಗೆ ಅವನೂ ಇಲ್ಲ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮಹಾಭಾರತದ ಕೊನೆಯಲ್ಲಿ ಇಂದ್ರ ರಥ ತಂದಾಗ ಧರ್ಮರಾಯನ ಮುಂದಿದ್ದದ್ದು ಇದೇ ಪರೀಕ್ಷೆ. ನಾಯಿಯನ್ನು ಮಾರು ಎಂದು ಇಂದ್ರ ಕೇಳಲಿಲ್ಲ, ಬಿಟ್ಟು ಬಾ ಎಂದ. ಸ್ವರ್ಗ ತಪ್ಪಿದರೂ ಸರಿ, ನಂಬಿ ಬಂದದ್ದನ್ನು ಬಿಡೆನು ಎಂದ ಧರ್ಮರಾಯ. ನಮಗೆ ಸ್ವರ್ಗದ ಆಮಿಷವೇನೂ ಇಲ್ಲ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ, ಹೊತ್ತಿಗೆ ಒಂದು ತುತ್ತು ರೊಟ್ಟಿ, ಮುಪ್ಪಿನಲ್ಲಿ ಅಂಗಳದ ಒಂದು ಮೂಲೆ, ಇಷ್ಟೇ ಲೆಕ್ಕ. ಈ ಸಣ್ಣ ಖರ್ಚನ್ನು ಕೊನೆಯವರೆಗೂ ಹೊತ್ತವರ ಬಾಯಲ್ಲಿ ಮಾತ್ರ ‘ಲಕ್ಷ ಕೊಟ್ಟರೂ ಮಾರೂದಿಲ್ರಿ’ ಎಂಬ ಮಾತಿಗೆ ತೂಕವಿರುತ್ತದೆ.