ಒತ್ತಿ ಬಂದಾಗ ತಲೆ ಎತ್ತಿ ಆಡಿ

ಸೌಕಾರ್‌ಪೇಟೆ ಎಂದರೆ ಕನ್ನಡದವರಿಗೆ ಅರ್ಥ ಹೇಳಬೇಕಿಲ್ಲ, ಸಾಹುಕಾರರ ಪೇಟೆ. ಚೆನ್ನೈನ ಈ ವ್ಯಾಪಾರಿ ಬಡಾವಣೆಯ ಮಿಂಟ್ ಸ್ಟ್ರೀಟ್‌ನಲ್ಲಿ ಹಬ್ಬದ ಹಿಂದಿನ ವಾರ ನಡೆದು ನೋಡಿ. ತಲೆಯ ಮೇಲೆ ಮೂಟೆ ಹೊತ್ತ ಕೂಲಿಯಾಳು ಪಕ್ಕದಲ್ಲಿ ತಳ್ಳುವವರನ್ನು ನೋಡುವುದಿಲ್ಲ. ಹತ್ತು ಹೆಜ್ಜೆ ಮುಂದೆ ಎಲ್ಲಿ ಜಾಗ ಬಿಡುತ್ತಿದೆ ಎಂದು ನೋಡಿ ಅತ್ತ ತಿರುಗುತ್ತಾನೆ. ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಹಿಡಿದವರು ಕಲಿಯಬೇಕಾದ ಮೊದಲ ಪಾಠವೂ ಅದೇ.

ಮಹಾನಗರಗಳಲ್ಲಿರುವ ನಮ್ಮ ಮನೆಗಳ ಎಷ್ಟೋ ಮಕ್ಕಳು ಶಾಲೆಯ ತಂಡದಲ್ಲಿ, ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ಈ ಆಟ ಆಡುತ್ತಾರೆ. ಒಬ್ಬರೇ ಇದ್ದಾಗ ಚೆಂದವಾಗಿ ಡ್ರಿಬಲ್ ಮಾಡುವ ಹುಡುಗಿ, ಪಂದ್ಯದಲ್ಲಿ ಎದುರಾಳಿ ಮೈಮೇಲೆ ಬಂದೊಡನೆ ಚೆಂಡನ್ನು ಯಾರಿಗೋ ಎಸೆದುಬಿಡುತ್ತಾಳೆ. ಎರಡು ಸಲ ಹೀಗಾದರೆ ಮೂರನೆಯ ಸಲ ಚೆಂಡು ತನಗೆ ಬರದಿರಲಿ ಎಂದುಕೊಳ್ಳುತ್ತಾಳೆ. ಆಟ ಬಿಡುವ ಮನಸ್ಸು ಶುರುವಾಗುವುದೇ ಅಲ್ಲಿಂದ.

ಸಮಯ ಇದೆ

ಒತ್ತಿ ಆಡುವ ತಂಡಕ್ಕೆ ಚೆಂಡು ಕಸಿಯಲೇಬೇಕೆಂದಿಲ್ಲ. ನಿಮಗೆ ಗಾಬರಿಯಾದರೆ ಸಾಕು, ಚೆಂಡು ತಾನಾಗಿ ಅವರ ಕೈಗೆ ಬರುತ್ತದೆ. ಆದ್ದರಿಂದ ನಿಮಗೆ ನಿಜಕ್ಕೂ ಎಷ್ಟು ಸಮಯವಿದೆ ಎಂದು ತಿಳಿದಿರಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಚೆಂಡನ್ನು ಅರ್ಧ ಕೋರ್ಟು ದಾಟಿಸಲು 8 ಸೆಕೆಂಡು, ಬುಟ್ಟಿಗೆ ಎಸೆಯಲು 24 ಸೆಕೆಂಡು. ಚೆಂಡು ಹಿಡಿದು ನಿಂತಾಗ ಎದುರಾಳಿ 1 ಮೀಟರಿನೊಳಗೆ ಬಂದು ಕಾವಲು ನಿಂತರೆ, 5 ಸೆಕೆಂಡಿನೊಳಗೆ ಪಾಸ್, ಶಾಟ್ ಅಥವಾ ಡ್ರಿಬಲ್ ಮಾಡಬೇಕು. ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ ನೋಡಿ. 5 ಸೆಕೆಂಡು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಮೈ, ಕಾಲು, ಕಣ್ಣು

ಚೆಂಡು ಕೈಗೆ ಬಂದೊಡನೆ ನೆಲಕ್ಕೆ ಬಡಿಯುವ ಅಭ್ಯಾಸ ಬಿಡಬೇಕು. ಮೊಣಕಾಲು ಬಾಗಿಸಿ, ಬುಟ್ಟಿಯ ಕಡೆ ಮುಖ ಮಾಡಿ ನಿಂತರೆ ಎಸೆಯುವುದು, ಪಾಸ್ ಮಾಡುವುದು, ನುಗ್ಗುವುದು ಮೂರೂ ದಾರಿ ತೆರೆದಿರುತ್ತವೆ. ಡ್ರಿಬಲ್ ನಿಲ್ಲಿಸಿ ಚೆಂಡು ಹಿಡಿದರೆ ಒಂದು ದಾರಿ ಮುಚ್ಚಿತು. ಒಂದು ಕಾಲನ್ನು ಊರಿ, ಇನ್ನೊಂದನ್ನು ಮುಂದಿಟ್ಟು ಹಿಂದೆಳೆದರೆ ಡಿಫೆಂಡರ್ ಅರ್ಧ ಹೆಜ್ಜೆ ಸರಿಯುತ್ತಾನೆ. ನಿಮಗೆ ಬೇಕಾದ ಜಾಗ ಅಷ್ಟೇ.

ಡ್ರಿಬಲ್ ಮಾಡುವಾಗ ಚೆಂಡು ಡಿಫೆಂಡರ್‌ನಿಂದ ದೂರದ ಕೈಯಲ್ಲಿ, ಮೊಣಕಾಲಿಗಿಂತ ಕೆಳಗೆ ಇರಲಿ. ನಡುವೆ ನಿಮ್ಮ ಮೈ ಅಡ್ಡವಿರಲಿ. ಇನ್ನೊಂದು ತೋಳು ಬೇಲಿಯಂತೆ ಇರಬಹುದು, ಆದರೆ ಅದರಿಂದ ತಳ್ಳಿದರೆ ಫೌಲ್. ಪೂರ್ತಿ ಬೆನ್ನು ತಿರುಗಿಸಿದರೆ ಚೆಂಡೇನೋ ಉಳಿಯುತ್ತದೆ, ಜೊತೆಗಾರರು ಕಾಣುವುದಿಲ್ಲ. ಇಬ್ಬರನೆಯ ಡಿಫೆಂಡರ್ ಬರುವುದೂ ಆಗಲೇ.

ಇಬ್ಬರು ಮುತ್ತಿದಾಗ

ಒತ್ತುವ ತಂಡ ನಿಮ್ಮನ್ನು ಮೂಲೆಗೆ ದಬ್ಬುತ್ತದೆ. ಪಕ್ಕದ ಗೆರೆ ದಾಟುವಂತಿಲ್ಲ, ಅರ್ಧ ಗೆರೆ ದಾಟಿದ ಮೇಲೆ ಹಿಂದೆ ಹೋಗುವಂತಿಲ್ಲ. ಅಂದರೆ ಗೆರೆಗಳೂ ಅವರ ಪರ ಆಡುವ ಆಟಗಾರರೇ. ಅದಕ್ಕೇ ಗೆರೆ ದಾಟಿದೊಡನೆ ಮೂಲೆಯಲ್ಲಿ ನಿಲ್ಲಬೇಡಿ. ಜಾಗವಿದ್ದಾಗಲೇ ಎರಡು ಡ್ರಿಬಲ್ ಹಿಂದೆ ಸರಿಯಿರಿ. ಇಬ್ಬರೂ ನಿಮ್ಮ ಹಿಂದೆ ಬರುತ್ತಾರೆ. ಈಗ ಲೆಕ್ಕ ಹಾಕಿ: ಇಬ್ಬರು ನಿಮ್ಮ ಮೇಲಿದ್ದರೆ, ಉಳಿದ ಮೂವರು ನಿಮ್ಮ ನಾಲ್ವರನ್ನು ಕಾಯಬೇಕು. ಒಬ್ಬರು ಎಲ್ಲೋ ಬಿಡುವಾಗಿದ್ದಾರೆ. ಮೇಲೆ ಪಾಸ್ ಮಾಡುವಂತೆ ತೋರಿಸಿ, ಕೆಳಗಿನಿಂದ ನೆಲಕ್ಕೆ ತಟ್ಟಿ ಕೊಡಿ.

ಅರ್ಧ ಕೆಲಸ ಜೊತೆಗಾರರದ್ದು. ದೂರದಲ್ಲಿ ಕೈ ಎತ್ತಿ ನಿಂತರೆ ಸಾಲದು, ಒಬ್ಬರು ಕೋರ್ಟಿನ ನಡುವಿಗೆ, ಚೆಂಡಿನ ಕಡೆಗೆ ಓಡಿ ಬರಬೇಕು.

ಹತ್ತಿರದವರ ಉದಾಹರಣೆ

ಇದನ್ನೆಲ್ಲ ದೊಡ್ಡ ಮಟ್ಟದಲ್ಲಿ ಆಡಿದವರನ್ನು ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಸೌಕಾರ್‌ಪೇಟೆಯಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ ಸೆಂಟ್ರಲ್ ಸ್ಟೇಷನ್, ಅದರ ಪಕ್ಕ ದಕ್ಷಿಣ ರೈಲ್ವೆಯ ಮುಖ್ಯ ಕಚೇರಿ. ಕೇರಳದ ಗೀತು ಅನ್ನ ಜೋಸ್ ಮತ್ತು ಚೆನ್ನೈನವರೇ ಆದ ಅನಿತಾ ಪಾಲ್‌ದುರೈ ಇಬ್ಬರೂ ದಕ್ಷಿಣ ರೈಲ್ವೆಯವರು. 2009ರ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ ನಡೆದದ್ದು ಇಲ್ಲೇ ಪೆರಿಯಮೇಟ್‌ನ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ. ಅನಿತಾ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಅದೇ ಅನಿತಾ, ನಮ್ಮ ಕರ್ನಾಟಕದ ಪಿ.ಯು. ನವನೀತಾ ಇದ್ದ ಭಾರತ ತಂಡ 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಬಿ ವಿಭಾಗದ ಫೈನಲ್ ಆಡಿತು. ಕಜಕಸ್ತಾನದ ವಿರುದ್ಧ 75-73ರಿಂದ ಗೆದ್ದು ಎ ವಿಭಾಗಕ್ಕೆ ಏರಿತು. ಅಂತರ ಎರಡೇ ಅಂಕ. ಗಾಬರಿಯಲ್ಲಿ ಬಿಟ್ಟುಕೊಟ್ಟ ಒಂದೇ ಒಂದು ಚೆಂಡಿನ ಬೆಲೆ ಅಷ್ಟಿರುತ್ತದೆ.

ಮನೆಯ ಬಳಿಯೇ ಅಭ್ಯಾಸ

ಪೂರ್ತಿ ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ಮಹಾನಗರದಲ್ಲಿ ಅಷ್ಟು ಜಾಗ ಎಲ್ಲರಿಗೂ ಸಿಗದು. ಆದರೆ ಇಕ್ಕಟ್ಟು ಈ ಪಾಠಕ್ಕೆ ಅನುಕೂಲವೇ. ಪಾರ್ಕಿಂಗ್ ಜಾಗದಲ್ಲಿ ನಾಲ್ವರು ಸೇರಿ: ಒಬ್ಬರ ಕೈಯಲ್ಲಿ ಚೆಂಡು, ಇಬ್ಬರು ಮುತ್ತುವವರು, ಒಬ್ಬರು ಪಾಸ್ ಪಡೆಯುವವರು. ಡ್ರಿಬಲ್ ಇಲ್ಲ, ಒಂದು ಕಾಲು ಊರಿದ್ದೇ ಇರಬೇಕು. ಮುತ್ತುವವರು ಐದರವರೆಗೆ ಜೋರಾಗಿ ಎಣಿಸಲಿ. ಮೊದಮೊದಲು ಮಕ್ಕಳು ಎರಡಕ್ಕೇ ಚೆಂಡು ಎಸೆಯುತ್ತಾರೆ. ನಾಲ್ಕರವರೆಗೆ ಕಾದು, ನೋಡಿ, ಸರಿಯಾದ ಕೈಗೆ ಕೊಡುವುದನ್ನು ಕಲಿತ ದಿನ ಅವರು ಚೆಂಡಿಗೆ ಹೆದರುವುದನ್ನು ಬಿಡುತ್ತಾರೆ.